ಹುಡುಕಿದರೂ ಸಿಗದ ಕನ್ನಡ



ರೇಡಿಯೋದ ಮುಳ್ಳು ತಿರುಗಿಸಿ ಸ್ಟೇಷನ್ ಹಿಡಿಯುತ್ತಿದ್ದ ಕಾಲ ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಸ್ಟುಡಿಯೋದಲ್ಲಿ ಯಾರು ಎಷ್ಟೇ ಚೆನ್ನಾಗಿ ಹಾಡಲಿ, ಮುಳ್ಳು ಕೂದಲೆಳೆಯಷ್ಟು ಆಚೀಚೆ ಆದರೆ ನಮಗೆ ಕೇಳುತ್ತಿದ್ದುದು ಬರೀ ಗೊರಗೊರ. ಅಂತರಜಾಲದಲ್ಲಿ ನಮ್ಮ ಕನ್ನಡದ ಕತೆಯೂ ಬಹುಕಾಲ ಹಾಗೇ ಇತ್ತು. ಬರೆಯುವವರಿದ್ದರು, ಓದುವವರಿದ್ದರು, ಪುಟಗಳೂ ಇದ್ದವು. ಆದರೆ ಹುಡುಕಿದರೆ ಸಿಗುತ್ತಿರಲಿಲ್ಲ.

ಈಗ ಒಂದು ಬೇಕರಿ ತೆರೆದವರೂ ‘ಎಸ್‌ಇಒ ಮಾಡಿಸಬೇಕು’ ಅನ್ನುತ್ತಾರೆ. ಸರ್ಚ್ ಎಂಜಿನ್ ಆಪ್ಟಿಮೈಸೇಷನ್ ಎಂಬುದರ ಚಿಕ್ಕ ಹೆಸರು ಅದು. ಯಾರಾದರೂ ಹುಡುಕಿದಾಗ ನಿಮ್ಮ ತಾಣ ಹತ್ತನೆಯ ಪುಟದಲ್ಲಿ ಹೂತುಹೋಗದೆ ಮೊದಲ ಪುಟದಲ್ಲೇ ಕಾಣುವಂತೆ ಮಾಡುವ ಕೆಲಸ. ನೊಯ್ಡಾ, ಗುರುಗ್ರಾಮಗಳಲ್ಲಿ ಇದನ್ನೇ ಕಸುಬು ಮಾಡಿಕೊಂಡ ಕಚೇರಿಗಳಿವೆ. ಊಟದ ಹೊತ್ತಿಗೆ ಸರಿಯಾಗಿ ಫೋನ್ ಮಾಡಿ ‘ಗೂಗಲ್ಲಿನಲ್ಲಿ ನಂಬರ್ ಒನ್ ಮಾಡ್ತೀವಿ ಸಾರ್’ ಅನ್ನುವವರು ನಿಮಗೂ ಸಿಕ್ಕಿರುತ್ತಾರೆ. ಅವರ ಮಾತು ಹಾಗಿರಲಿ, ಈ ಕಸುಬು ಹುಟ್ಟಿದ್ದು ಹೇಗೆ ಎಂದು ಸ್ವಲ್ಪ ನೋಡೋಣ. ಅದರಲ್ಲಿ ನಮ್ಮ ದಿಲ್ಲಿಯ ಪಾಲೂ ಇದೆ.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಮರುವರ್ಷ ಪ್ರಗತಿ ಮೈದಾನದಲ್ಲಿ ಐಟಿ ಏಷ್ಯಾ ಪ್ರದರ್ಶನ ನಡೆಯಿತು. ಅಲ್ಲಿ ಒಂದು ಮಳಿಗೆಯ ಮೇಲೆ ‘ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ’ ಎಂದು ಬರೆದದ್ದನ್ನು ನೋಡಿ, ಇದೇನಪ್ಪಾ ಎಂದು ವಿಚಾರಿಸಿದವರು ಸಂಜೀವ್ ಬಿಖ್‌ಚಂದಾನಿ. 1997ರಲ್ಲಿ ಅವರ ನೌಕ್ರಿ ಡಾಟ್ ಕಾಮ್ ಶುರುವಾಯಿತು. ಪತ್ರಿಕೆಗಳಲ್ಲಿ ಬಂದ ಕೆಲಸದ ಜಾಹೀರಾತುಗಳನ್ನು ಹೆಕ್ಕಿ ಹೆಕ್ಕಿ ತಾಣಕ್ಕೆ ತುಂಬಿದರು. ಸಣ್ಣಪುಟ್ಟ ವ್ಯಾಪಾರಿಗಳ ವಿವರ ಒಂದೆಡೆ ಸೇರಿಸುವ ಇಂಡಿಯಾಮಾರ್ಟನ್ನು ದಿನೇಶ್ ಅಗರ್‌ವಾಲ್ ಆರಂಭಿಸಿದ್ದೂ 1996ರಲ್ಲೇ. ಆಗಿನ್ನೂ ಗೂಗಲ್ ಹುಟ್ಟಿರಲಿಲ್ಲ. ಯಾಹೂನಲ್ಲಿ ಮನುಷ್ಯರೇ ಕುಳಿತು ತಾಣಗಳ ಪಟ್ಟಿ ಮಾಡುತ್ತಿದ್ದರು. ಆಲ್ಟಾವಿಸ್ಟಾ ಎಂಬ ಶೋಧಯಂತ್ರ ಪುಟದೊಳಗಿನ ಪದಗಳನ್ನು ಹುಡುಕಿ ಕೊಡುತ್ತಿತ್ತು. ಒಂದು ಪದವನ್ನು ಪುಟದಲ್ಲಿ ನೂರು ಸಲ ಬರೆದರೆ ಮೇಲಕ್ಕೆ ಬರಬಹುದು ಎಂದು ಜನ ಬೇಗ ಕಂಡುಕೊಂಡರು. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಬರೆದಿಟ್ಟರು: ಓದುಗರ ಕಣ್ಣಿಗೆ ಕಾಣದು, ಯಂತ್ರಕ್ಕೆ ಮಾತ್ರ ಕಂಡೀತು!

1998ರಲ್ಲಿ ಲ್ಯಾರಿ ಪೇಜ್, ಸರ್ಗೇ ಬ್ರಿನ್ ತಂದ ಗೂಗಲ್ ಬೇರೆ ದಾರಿ ಹಿಡಿಯಿತು. ನೀನು ನಿನ್ನ ಬಗ್ಗೆ ಏನು ಹೇಳಿಕೊಳ್ಳುತ್ತೀ ಎಂಬುದಷ್ಟೇ ಅಲ್ಲ, ನಿನ್ನ ಪುಟಕ್ಕೆ ಬೇರೆ ಯಾವ ಯಾವ ಪುಟಗಳು ಕೊಂಡಿ ಕೊಟ್ಟಿವೆ, ಆ ಪುಟಗಳ ಯೋಗ್ಯತೆ ಏನು ಎಂದೂ ಅದು ಲೆಕ್ಕ ಹಾಕಿತು. ಹೊಸ ಕಾಲನಿಗೆ ಬಂದವರು ಒಳ್ಳೆಯ ಡಾಕ್ಟರ್ ಯಾರು ಎಂದು ಅಕ್ಕಪಕ್ಕದವರನ್ನು ಕೇಳುವಂತೆ ಅನ್ನಿ. ಇಲ್ಲೂ ಕಳ್ಳದಾರಿ ಹುಡುಕಿದವರುಂಟು. 2006ರಲ್ಲಿ ಬಿಎಂಡಬ್ಲ್ಯೂ ಕಂಪನಿಯ ಜರ್ಮನ್ ತಾಣವನ್ನೇ ಗೂಗಲ್ ಇಂಥ ಕೈಚಳಕಕ್ಕಾಗಿ ತನ್ನ ಪಟ್ಟಿಯಿಂದ ಕೆಲದಿನ ಹೊರಗಿಟ್ಟಿತ್ತು.

ಆದರೆ ಇದೆಲ್ಲ ಇಂಗ್ಲಿಷಿನವರ ಜಗಳ. ಮೊದಲ ಪುಟವೋ ಹತ್ತನೇ ಪುಟವೋ ಎಂಬ ಚಿಂತೆ ಅವರದು. ನಮಗೆ ಆ ಚಿಂತೆ ಮಾಡುವ ಭಾಗ್ಯವೂ ಇರಲಿಲ್ಲ. ಏಕೆಂದರೆ ನಮ್ಮ ಪುಟದಲ್ಲಿ ಕನ್ನಡ ಇದೆ ಎಂಬುದೇ ಯಂತ್ರಕ್ಕೆ ತಿಳಿಯುತ್ತಿರಲಿಲ್ಲ.

ಏಕೆ ಅಂತೀರಾ? ಡಾ. ಯು.ಬಿ. ಪವನಜ ಅವರ ‘ವಿಶ್ವಕನ್ನಡ’ ಅಂತರಜಾಲ ಪತ್ರಿಕೆ 1996ರಲ್ಲೇ ಬಂತು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’, ಅದರಲ್ಲಿ ಕೆ.ಪಿ. ರಾಯರ ಕೀಲಿಮಣೆ ವಿನ್ಯಾಸ. ಕನ್ನಡಿಗರ ಬೆರಳಿಗೆ ಕಂಪ್ಯೂಟರ್ ಕನ್ನಡ ಕಲಿಸಿದ್ದೇ ಇವು, ಆ ಋಣ ದೊಡ್ಡದು. ಆದರೆ ಆಗಿನ ಫಾಂಟುಗಳಲ್ಲಿ ಒಂದು ಹೊಂದಾಣಿಕೆ ಇತ್ತು. ಕಂಪ್ಯೂಟರಿನೊಳಗೆ ಕನ್ನಡಕ್ಕೆ ಸ್ವಂತ ಮನೆ ಇರಲಿಲ್ಲವಾದ್ದರಿಂದ ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ತುಂಡುಗಳನ್ನು ಬಾಡಿಗೆಗೆ ಇಟ್ಟಿದ್ದರು. ನುಡಿ ಫಾಂಟಿನಲ್ಲಿ ‘ಕ’ ಅಕ್ಷರದ ಒಡಲು ಕೂತಿದ್ದದ್ದು ಇಂಗ್ಲಿಷಿನ ದೊಡ್ಡ ‘ಪಿ’ ಜಾಗದಲ್ಲಿ, ‘ಡ’ ಕೂತಿದ್ದದ್ದು ಸಣ್ಣ ‘ಕ್ಯೂ’ ಜಾಗದಲ್ಲಿ. ಪರದೆಯ ಮೇಲೆ ನಾವು ‘ಕನ್ನಡ’ ಎಂದು ಓದುತ್ತಿದ್ದೆವು. ಶೋಧಯಂತ್ರ ಓದುತ್ತಿದ್ದದ್ದು ಪಿ, ಕ್ಯೂ ಮತ್ತು ನಡುನಡುವೆ ಯಾವುದೋ ಯುರೋಪಿನ ಚಿಹ್ನೆಗಳು. ಬೇರೆ ತಾಣ ಬೇರೆ ಫಾಂಟ್ ಬಳಸಿದರೆ ಅಲ್ಲಿ ‘ಕನ್ನಡ’ಕ್ಕೆ ಮತ್ತೊಂದೇ ಕಾಗುಣಿತ. ಫಾಂಟ್ ಇಳಿಸಿಕೊಳ್ಳದವರಿಗೆ ಪುಟ ತೆರೆದರೆ ಕಾಣುತ್ತಿದ್ದದ್ದೂ ಅದೇ ಕಲಸುಮೇಲೋಗರ. ಆ ತೊಂದರೆ ತಪ್ಪಿಸಲು ಡೈನಮಿಕ್ ಫಾಂಟ್ ಬಂತು. ಅದು ಓದುಗರ ಕಷ್ಟ ತೀರಿಸಿತೇ ಹೊರತು ಯಂತ್ರದ ಕುರುಡು ತೀರಿಸಲಿಲ್ಲ.

2002ರ ಸುಮಾರಿಗೆ ಮುನಿರ್ಕಾದ ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ಕೂತ ಒಬ್ಬ ಕನ್ನಡದ ಹುಡುಗನನ್ನು ಊಹಿಸಿಕೊಳ್ಳಿ. ಅವನಿಗೆ ಬೇಂದ್ರೆಯವರ ಬಗ್ಗೆ ಕನ್ನಡದಲ್ಲಿ ಏನಾದರೂ ಓದಬೇಕು. ಆ ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಲು ಬಾರದು. ಇಂಗ್ಲಿಷಿನಲ್ಲಿ ಹೆಸರು ಹೊಡೆದರೆ ಇಂಗ್ಲಿಷ್ ಪುಟಗಳು ಮಾತ್ರ. ಯಾರೋ ಪ್ರೀತಿಯಿಂದ ಬರೆದ ಕನ್ನಡ ಲೇಖನ ಅದೇ ಜಾಲದಲ್ಲಿ ಇದ್ದರೂ, ವಿಳಾಸ ಬಾಯಿಪಾಠ ಇಲ್ಲದವನಿಗೆ ಅದು ಇಲ್ಲದ್ದಕ್ಕೆ ಸಮ.

ಇದಕ್ಕೆ ಮದ್ದು ಎಲ್ಲಿತ್ತು ಗೊತ್ತೇ? ಬಹಳ ಮಟ್ಟಿಗೆ ನಮ್ಮ ದಿಲ್ಲಿಯ ಕಡತಗಳಲ್ಲೇ! ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ 1980ರ ದಶಕದಲ್ಲೇ ಭಾರತೀಯ ಲಿಪಿಗಳಿಗೆ ‘ಇಸ್ಕಿ’ ಎಂಬ ಸಂಕೇತ ಪದ್ಧತಿ ರೂಪಿಸಿತ್ತು. ಐಟಿಒ ಹತ್ತಿರ ಬಹಾದೂರ್ ಷಾ ಜಫರ್ ಮಾರ್ಗದಲ್ಲಿ ಮಾನಕ್ ಭವನ ನೋಡಿದ್ದೀರಲ್ಲ, ಆ ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಇದಕ್ಕೆ ರಾಷ್ಟ್ರೀಯ ಮಾನಕದ ಮುದ್ರೆ ಒತ್ತಿತು. ಅದೇ ವರ್ಷ ಹೊರಬಂದ ಯೂನಿಕೋಡ್, ಇಸ್ಕಿಯ 1988ರ ಆವೃತ್ತಿಯನ್ನು ಆಧಾರವಾಗಿಟ್ಟುಕೊಂಡು ಕನ್ನಡಕ್ಕೆ 128 ಮನೆಗಳ ಒಂದು ಬೀದಿಯನ್ನೇ ಕೊಟ್ಟಿತು. ದೇವನಾಗರಿಯ ‘ಕ’ ತನ್ನ ಬೀದಿಯಲ್ಲಿ, ಸೊನ್ನೆಯಿಂದ ಎಣಿಸಿದರೆ, 21ನೇ ಮನೆ. ಕನ್ನಡದ ‘ಕ’ ಕೂಡ ತನ್ನ ಬೀದಿಯಲ್ಲಿ 21ನೇ ಮನೆ. ಡಿಡಿಎ ಫ್ಲಾಟುಗಳಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಾಕೆಟ್ ಬೇರೆ, ಮನೆ ನಂಬರ್ ಅದೇ.

ಅಂದರೆ 1991ರಲ್ಲೇ ಕನ್ನಡಕ್ಕೆ ಸ್ವಂತ ವಿಳಾಸ ಮಂಜೂರಾಗಿತ್ತು. ಗೃಹಪ್ರವೇಶ ಮಾತ್ರ ತಡವಾಯಿತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟಿನ ಜತೆ ಯೂನಿಕೋಡ್ ಕನ್ನಡ ಸಿಕ್ಕಿತು. ಆದರೆ ಮನೆಮನೆಯಲ್ಲಿ ಇದ್ದದ್ದು ವಿಂಡೋಸ್ 98, ಅದರಲ್ಲಿ ಯೂನಿಕೋಡ್ ಪುಟ ತೆರೆದರೆ ಸಾಲುಸಾಲು ಚೌಕಗಳು. ಓದುಗರನ್ನು ಕಳೆದುಕೊಳ್ಳುವ ಭಯಕ್ಕೆ ದೊಡ್ಡ ತಾಣಗಳು ಹಿಂಜರಿದವು. ಅವರ ಭಯ ಸುಳ್ಳಲ್ಲ, ಆದರೆ ಆ ಹಿಂಜರಿಕೆಗೆ ನಾವು ತೆತ್ತ ಬೆಲೆ ಕಡಿಮೆಯೇನಲ್ಲ ಎಂದೇ ನನಗೆ ಅನಿಸುತ್ತದೆ. ಮೊದಲು ನುಗ್ಗಿದವರು ಸಂಬಳವಿಲ್ಲದೆ ದುಡಿದ ಹವ್ಯಾಸಿಗಳು. 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ‘ಸಂಪದ’. ಇವೆಲ್ಲ ಯೂನಿಕೋಡ್‌ನಲ್ಲಿದ್ದವು. ‘ಬೇಂದ್ರೆ’ ಎಂದು ಕನ್ನಡದಲ್ಲೇ ಹೊಡೆದರೆ ಕನ್ನಡದ್ದೇ ಪುಟ ಎದುರಿಗೆ ಬಂತು. ಜಾಹೀರಾತಿಗೆ ಒಂದು ರೂಪಾಯಿ ಖರ್ಚಿಲ್ಲ. ಇದಕ್ಕಿಂತ ದೊಡ್ಡ ಎಸ್‌ಇಒ ಕನ್ನಡಕ್ಕೆ ಆಮೇಲೂ ಆಗಿಲ್ಲ.

ಹಾಗಂತ ಎಲ್ಲ ಮುಗಿಯಿತೇ? ನಿಮ್ಮ ಸಂಘದ ತಾಣವನ್ನೊಮ್ಮೆ ನೋಡಿ. ‘ಸಂಘ’ ಎಂಬಲ್ಲಿ ಅನುಸ್ವಾರದ ಬದಲು ಅಂಕಿಯ ಸೊನ್ನೆ ಒತ್ತಿ ‘ಸ೦ಘ’ ಎಂದು ಬರೆದಿದ್ದರೆ ಕಣ್ಣಿಗೆ ವ್ಯತ್ಯಾಸವೇ ತಿಳಿಯದು, ಯಂತ್ರಕ್ಕೆ ಅದು ಸ, ಸೊನ್ನೆ, ಘ. ನಮ್ಮ ಊರಿಗೇ ದಿಲ್ಲಿ, ದೆಹಲಿ ಎಂದು ಎರಡು ಹೆಸರು. ಪುಟದಲ್ಲಿ ಎರಡೂ ಇರಲಿ. ರಾಜ್ಯೋತ್ಸವದ ಕರೆಯೋಲೆಯನ್ನು ಬರೀ ಚಿತ್ರವಾಗಿ ಹಾಕಿದರೆ ಸಾಲದು, ತಾರೀಖು, ಸ್ಥಳ, ವೇಳೆಯನ್ನು ಅಕ್ಷರದಲ್ಲೂ ಬರೆಯಿರಿ. ಪುಟದ ತಲೆಬರಹದಲ್ಲಿ ‘ಮುಖಪುಟ’ ಎಂದಷ್ಟೇ ಇದ್ದರೆ ನೊಯ್ಡಾದಲ್ಲಿ ಮಗುವಿಗೆ ಕನ್ನಡ ತರಗತಿ ಹುಡುಕುವ ತಾಯಿಗೆ ನೀವು ಸಿಗುವುದಾದರೂ ಹೇಗೆ? ಕಾಣದ ಕೀವರ್ಡುಗಳನ್ನು ಪುಟದ ಹಿಂದೆ ತುರುಕಿಸಲು ಮಾತ್ರ ದುಡ್ಡು ಕೊಡಬೇಡಿ. ಆ ಪಟ್ಟಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ ಎಂದು ಗೂಗಲ್ 2009ರಲ್ಲೇ ಬಹಿರಂಗವಾಗಿ ಹೇಳಿದೆ.

ಇನ್ನೊಂದು ಕೆಲಸ ಬಾಕಿ ಇದೆ. ಹಳೆಯ ಸ್ಮರಣ ಸಂಚಿಕೆಗಳು, ನಾಟಕದ ಕರಪತ್ರಗಳು, ಅಗಲಿದ ಹಿರಿಯರ ನೆನಪಿನ ಬರಹಗಳು ನುಡಿಯಲ್ಲೋ ಬರಹದಲ್ಲೋ ಶ್ರೀಲಿಪಿಯಲ್ಲೋ ಟೈಪಾಗಿ ಯಾರದೋ ಅಲಮಾರಿಯ ಸಿ.ಡಿ.ಯಲ್ಲಿ ಮಲಗಿವೆ. ದಿಲ್ಲಿ ಕನ್ನಡಿಗರ ಎಷ್ಟೋ ಇತಿಹಾಸ ಅಲ್ಲಷ್ಟೇ ಇದೆ. ಅವುಗಳ ಪಿಡಿಎಫ್ ಮಾಡಿ ಏರಿಸಿದರೂ ಒಳಗಿರುವುದು ಅದೇ ಪಿ ಮತ್ತು ಕ್ಯೂ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಒಮ್ಮೆ ಕಣ್ಣಾಡಿಸಿ, ಅಲ್ಲೇ ಎಡವಟ್ಟಾಗುವುದು. ಈಗಿನ ಲ್ಯಾಪ್‌ಟಾಪುಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇರುವುದಿಲ್ಲ. ಹಳೆಯ ಕಂಪ್ಯೂಟರ್ ಇನ್ನೂ ಕಬಾಡಿವಾಲಾನಿಗೆ ಕೊಡದೆ ಉಳಿಸಿಕೊಂಡವರಿದ್ದರೆ, ಈ ಭಾನುವಾರ ಒಂದು ಸಿ.ಡಿ. ಹಾಕಿ ನೋಡಿ, ಇನ್ನೂ ತೆರೆಯುತ್ತದೆಯೋ ಎಂದು.