ಕೈಗಡ ತಂದ ಉಪಗ್ರಹ

ಇವತ್ತು ನಾನು ಹೇಳೋದು ಒಂದು ಕೈಗಡದ ಕತೆ. ದುಡ್ಡಿನ ಕೈಗಡ ಅಲ್ಲ, ಉಪಗ್ರಹದ್ದು!

1975ರ ಆಗಸ್ಟ್ 1. ಬೆಂಗಳೂರಿನಲ್ಲೇ ಆಗಿನ್ನೂ ಟಿವಿ ಕೇಂದ್ರ ಇರಲಿಲ್ಲ. ಆದ್ರೆ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಟಿವಿ ಶುರುವಾಯ್ತು. ಅದೂ ನೇರವಾಗಿ ಉಪಗ್ರಹದಿಂದ. ಕರ್ನಾಟಕವೂ ಸೇರಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ, ಊರಿಗೆಲ್ಲ ಸೇರಿ ಒಂದು ಸೆಟ್. ಬೆಳಿಗ್ಗೆ ಶಾಲೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಕೃಷಿ, ಆರೋಗ್ಯದ ವಿಷಯ. ಈ ಪ್ರಯೋಗದ ಹೆಸರು ‘ಸೈಟ್’.

ಉಪಗ್ರಹ ಮಾತ್ರ ನಮ್ಮದಲ್ಲ, ಅಮೆರಿಕದ ನಾಸಾದ ಎಟಿಎಸ್-6. ಒಂದೇ ವರ್ಷದ ಮಟ್ಟಿಗೆ ಕೊಟ್ಟಿದ್ದರು. 1969ರಲ್ಲಿ ಈ ಒಪ್ಪಂದ ಮಾಡಿಸಿದ ವಿಕ್ರಮ್ ಸಾರಾಭಾಯಿ 1971ರಲ್ಲೇ ತೀರಿಕೊಂಡರು. ತಮ್ಮ ಕನಸು ಹಳ್ಳಿಗೆ ಬಂದಿದ್ದನ್ನ ಅವರು ನೋಡಲೇ ಇಲ್ಲ.

ನನಗೆ ಮುಖ್ಯ ಅನಿಸೋದು ಒಪ್ಪಂದದ ಇನ್ನೊಂದು ಭಾಗ. ಆಕಾಶದಲ್ಲಿರೋದು ಅವರದು, ನೆಲದ ಮೇಲಿನ ಕೆಲಸ ಎಲ್ಲ ನಮ್ಮದು. ಎಟಿಎಸ್-6ಗೆ ಒಂಬತ್ತು ಮೀಟರ್ ಅಗಲದ ದೊಡ್ಡ ಆಂಟೆನಾ ಇತ್ತು. ಅದರ ಸಿಗ್ನಲ್ ಎಷ್ಟು ಜೋರು ಅಂದ್ರೆ, ಹಳ್ಳಿಯಲ್ಲಿ ಮೂರು ಮೀಟರ್ ಡಿಶ್ ಇದ್ರೆ ಸಾಕು. ಆ ಡಿಶ್‌ಗೆ ನಮ್ಮವರು ಬಳಸಿದ್ದು ಕೋಳಿಗೂಡಿಗೆ ಹಾಕುವಂಥ ತಂತಿಬಲೆ! ಟಿವಿ ಸೆಟ್ ತಯಾರಾಗಿದ್ದು ಹೈದರಾಬಾದಿನ ಇಸಿಐಎಲ್‌ನಲ್ಲಿ. ಅದನ್ನ ಹಳ್ಳಿಗೆ ಸಾಗಿಸಿ, ಕೂರಿಸಿ, ಕೆಟ್ಟರೆ ರಿಪೇರಿ ಮಾಡಿ, ಕನ್ನಡದಲ್ಲಿ ಕಾರ್ಯಕ್ರಮ ತಯಾರಿಸಿದ್ದೂ ಇಲ್ಲಿಯವರೇ.

1976ರ ಜುಲೈ 31ಕ್ಕೆ ಗಡುವು ಮುಗೀತು. ನಾಸಾ ಉಪಗ್ರಹವನ್ನ ವಾಪಸ್ ಅಮೆರಿಕದ ಕಡೆಗೆ ಸರಿಸಿತು. ಒಂದು ವರ್ಷ ಟಿವಿ ನೋಡಿ ಅಭ್ಯಾಸವಾದ ಹಳ್ಳಿಗಳಲ್ಲಿ ಆ ಪರದೆಗಳು ಕತ್ತಲಾದವು. ಇದು ಸಣ್ಣ ನಷ್ಟ ಅಂತ ನಾನು ಹೇಳಲ್ಲ. ಆಸೆ ತೋರಿಸಿ ಕಿತ್ತುಕೊಂಡ ಹಾಗೇ ಅಲ್ವಾ?

ಆದ್ರೆ ಕಲಿತಿದ್ದು ವಾಪಸ್ ಹೋಗಲಿಲ್ಲ. 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನದ ಪ್ರಸಾರ ಶುರುವಾಯ್ತು, ಬೆಂಗಳೂರಿಗಿಂತ ಮೊದಲೇ. 1982ರಲ್ಲಿ ಅಮೆರಿಕದ ಕಂಪನಿಯಿಂದ ಮಾಡಿಸಿಕೊಂಡ ಇನ್ಸಾಟ್-1ಎ ಕೆಲವೇ ತಿಂಗಳಲ್ಲಿ ಕೈಕೊಟ್ಟಿತು. ಮರುವರ್ಷ ಹೋದ 1ಬಿ ಕೆಲಸ ಮಾಡಿತು. 1992ರಲ್ಲಿ ಹಾರಿದ ಇನ್ಸಾಟ್-2ಎ ಇಸ್ರೋ ತಾನೇ ಕಟ್ಟಿದ್ದು. ಮೊದಲು ಕೈಗಡ, ಆಮೇಲೆ ಖರೀದಿ, ಕೊನೆಗೆ ಸ್ವಂತದ್ದು. ಇಷ್ಟಕ್ಕೆ ಹದಿನೇಳು ವರ್ಷ ಹಿಡೀತು.

ಬಡ ದೇಶಕ್ಕೆ ಉಪಗ್ರಹ ಯಾಕೆ ಅಂತ ಆಗ ಕೇಳುವವರಿದ್ದರು. ಇವತ್ತು ಪ್ರಶ್ನೆ ಬೇರೆ. ದೊಡ್ಡ ದೇಶಗಳು, ದೊಡ್ಡ ಕಂಪನಿಗಳು ಬೆಳೆಯುತ್ತಿರುವ ದೇಶಗಳಿಗೆ ತಂತ್ರಜ್ಞಾನ ಕೊಡ್ತೀವಿ ಅಂತ ಬರ್ತಾನೇ ಇರ್ತಾರೆ. ಬೇಡ ಅನ್ನಬೇಕಿಲ್ಲ. ಆದ್ರೆ ಒಂದು ಮಾತು ಕೇಳಲೇಬೇಕು: ನೀವು ಹೋದ ಮೇಲೆ ಇದನ್ನ ನಡೆಸೋಕೆ, ರಿಪೇರಿ ಮಾಡೋಕೆ, ಮುಂದಿನದನ್ನ ಕಟ್ಟೋಕೆ ನಮ್ಮಲ್ಲಿ ಯಾರು ಉಳಿದಿರ್ತಾರೆ?

ಇದಕ್ಕೆ ಉತ್ತರ ಇದ್ರೆ ಮಾತ್ರ ಅದು ನೆರವು. ಮುಂದಿನ ಸಂಚಿಕೆಯಲ್ಲಿ ಸಿಗೋಣ.