ಶೆಟ್ಟಿಹಳ್ಳಿ ಚರ್ಚ್ ಫೋಟೊ ಅಸಲಿಯೋ ಎಡಿಟ್ ಮಾಡಿದ್ದೋ? ಆಕಾಶ ಬಿಡಿ, ಗೋಡೆ ನೋಡಿ

ಮಳೆಗಾಲ ಬಂತೆಂದರೆ ಹಾಸನದ ಹತ್ತಿರದ ಶೆಟ್ಟಿಹಳ್ಳಿ ಚರ್ಚ್‌ನ ಫೋಟೊಗಳು ಮೊಬೈಲ್‌ನಿಂದ ಮೊಬೈಲ್‌ಗೆ ಓಡಾಡತೊಡಗುತ್ತವೆ. ಮೇಲೆ ಕಪ್ಪು ಮೋಡ, ಕೆಳಗೆ ಕೆಂಪು ನೀರು, ನಡುವೆ ಪಾಳು ಗೋಡೆ. ಜೊತೆಗೆ ಡ್ಯಾಂ ತುಂಬಿತು, ಇನ್ನೇನು ಗೇಟ್ ತೆಗೆಯುತ್ತಾರೆ ಎಂಬ ಒಂದು ಸಾಲು. ಗ್ರೂಪಿನಲ್ಲಿ ಒಬ್ಬರು ಇದನ್ನು ಫೇಕ್ ಎನ್ನುತ್ತಾರೆ, ಇನ್ನೊಬ್ಬರು ನಿಜ ಎನ್ನುತ್ತಾರೆ. ಎಷ್ಟೋ ಸಲ ಇಬ್ಬರ ಮಾತೂ ಅರ್ಧ ಸರಿ.

ಚರ್ಚ್ ನಿಜವಾದದ್ದೇ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಹಿನ್ನೀರಿಗೆ ಸಿಕ್ಕಿತು. ಮಳೆಗಾಲದಲ್ಲಿ ಅರೆಬರೆ ಮುಳುಗುತ್ತದೆ, ಬೇಸಿಗೆಯಲ್ಲಿ ಒಳಗೇ ಓಡಾಡಬಹುದು. ಫೋಟೊದಲ್ಲಿ ಬದಲಾಗಿರಬಹುದಾದದ್ದು ಆಕಾಶ ಮತ್ತು ನೀರಿನ ಬಣ್ಣ ಮಾತ್ರ.

ಚಿತ್ರದ ಒಂದು ಭಾಗವನ್ನಷ್ಟೇ ಹೀಗೆ ತಿದ್ದುವುದು ಈಗ ಬೆರಳ ತುದಿಯ ಕೆಲಸ. ಸ್ನ್ಯಾಪ್‌ಸೀಡ್‌ನಂಥ ಆ್ಯಪ್‌ನಲ್ಲಿ ಮೋಡದ ಮೇಲೆ ಒಂದು ಚುಕ್ಕಿ ಇಡುತ್ತೀರಿ. ಅದರ ಸುತ್ತ ಒಂದು ವೃತ್ತ ಮೂಡುತ್ತದೆ. ಆ ವೃತ್ತದೊಳಗೆ ಚುಕ್ಕಿಯ ಬಣ್ಣಕ್ಕೆ ಹತ್ತಿರವಾದ ಪಿಕ್ಸೆಲ್‌ಗಳನ್ನು ಮಾತ್ರ ಆ್ಯಪ್ ಆರಿಸಿಕೊಳ್ಳುತ್ತದೆ. ಬೆರಳು ಎಳೆದರೆ ಮೋಡ ಕಪ್ಪಾಗುತ್ತದೆ, ಪಕ್ಕದ ಗೋಡೆ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ. ಲೈಟ್‌ರೂಮ್ ಇನ್ನೂ ಮುಂದೆ ಹೋಗಿ, ಆಕಾಶ ಯಾವುದು ಎಂದು ತಾನೇ ಗುರುತಿಸುತ್ತದೆ. ಹೊಸದಾಗಿ ಏನನ್ನೂ ಸೇರಿಸಿಲ್ಲ, ತೆಗೆದೂ ಇಲ್ಲ. ಆದರೂ ಸಾಧಾರಣ ಮಧ್ಯಾಹ್ನವೊಂದು ಪ್ರವಾಹದ ದಿನದಂತೆ ಕಾಣುತ್ತದೆ.

ಬೆಳಕು ಬದಲಾದರೆ ಅರ್ಥವೂ ಬದಲಾಗುತ್ತದೆ ಎಂಬುದಕ್ಕೆ ಪ್ರಸಿದ್ಧ ಉದಾಹರಣೆ 1994ರ ಜೂನ್‌ನದು. ಕೊಲೆ ಆರೋಪ ಹೊತ್ತಿದ್ದ ಅಮೆರಿಕದ ಆಟಗಾರ ಓ.ಜೆ. ಸಿಂಪ್ಸನ್ ಅವರ ಒಂದೇ ಪೊಲೀಸ್ ಫೋಟೊವನ್ನು ಟೈಮ್, ನ್ಯೂಸ್‌ವೀಕ್ ಎರಡೂ ಪತ್ರಿಕೆಗಳು ಮುಖಪುಟಕ್ಕೆ ಹಾಕಿದವು. ಟೈಮ್‌ನದು ಬಹಳ ಕಪ್ಪಾಗಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರು ಸಿಟ್ಟಾದರು.

ನಮ್ಮ ಚರ್ಚ್‌ನ ಫೋಟೊಗೆ ಅಕ್ಕಪಕ್ಕ ಇಡಲು ಅಸಲಿ ಪ್ರತಿ ಸಿಗುವುದಿಲ್ಲ. ಹಾಗಾಗಿ ನೀರಿನಲ್ಲಿರುವ ಪ್ರತಿಬಿಂಬ ನೋಡಿ. ನೀರು ತಿಳಿಯಾಗಿ, ಅಲೆಯಿಲ್ಲದೆ ಇದ್ದರೆ ಅದರಲ್ಲಿ ಕಾಣುವ ಆಕಾಶ ನಿಜವಾದ ಆಕಾಶಕ್ಕಿಂತ ಸ್ವಲ್ಪ ಮಂಕಾಗಿರಬೇಕು, ಏಕೆಂದರೆ ಬಿದ್ದ ಬೆಳಕನ್ನೆಲ್ಲ ನೀರು ಹಿಂದಕ್ಕೆ ಕಳಿಸುವುದಿಲ್ಲ. ಮೇಲೆ ಕಾರ್ಮೋಡವಿದ್ದು ಕೆಳಗಿನ ಬಿಂಬ ಬೆಳ್ಳಗಿದ್ದರೆ ಮೇಲಿನದನ್ನು ಯಾರೋ ಕಪ್ಪು ಮಾಡಿರುವ ಸಾಧ್ಯತೆ ಹೆಚ್ಚು. (ಲೆನ್ಸ್ ಮುಂದೆ ಫಿಲ್ಟರ್ ಹಾಕಿ ತೆಗೆದರೂ ಹೀಗಾಗಬಹುದು. ಕೆಸರು ನೀರಿಗೆ ಈ ಪರೀಕ್ಷೆ ನಡೆಯದು.) ಗೋಡೆಯ ಅಂಚಿನ ಸುತ್ತ ಬಿಳಿ ಗೆರೆಯಂತೆ ಬೆಳಕು ಕಂಡರೆ ಅದೂ ತಿದ್ದಿದ ಗುರುತೇ ಇರಬಹುದು.

ನಾನೇ ತೆಗೆದದ್ದು, ಎಡಿಟ್ ಮಾಡಿಲ್ಲ ಎಂಬ ಮಾತೂ ಸಾಕಾಗದು. ಇಂದಿನ ಅನೇಕ ಫೋನ್‌ಗಳು ಕ್ಲಿಕ್ಕಿಸಿದ ಕೂಡಲೇ ನಿಮ್ಮನ್ನು ಕೇಳದೆಯೇ ಆಕಾಶ, ಮುಖ, ಗಿಡಗಳನ್ನು ಬೇರೆ ಬೇರೆಯಾಗಿ ತಿದ್ದುತ್ತವೆ.

ಆದರೆ ಬಣ್ಣ ಎಷ್ಟೇ ಎಳೆದಾಡಿದರೂ ಕಮಾನಿನ ಯಾವ ಭಾಗದವರೆಗೆ ನೀರಿದೆ ಎಂಬುದು ಬದಲಾಗುವುದಿಲ್ಲ. ನೋಡಬೇಕಾದದ್ದು ಅದನ್ನೇ. ಅದೂ ಫೋಟೊ ತೆಗೆದ ದಿನದ್ದು. ಹೋದ ವರ್ಷದ ಫೋಟೊ ಇಂದು ಫಾರ್ವರ್ಡ್ ಆಗಿ ಬರಬಹುದು. ಹೊಳೆನರಸೀಪುರ ಅಣೆಕಟ್ಟಿನ ಕೆಳಗೆ, ಹೇಮಾವತಿ ದಡದಲ್ಲೇ ಇರುವ ಊರು. ಅರಕಲಗೂಡು, ಚನ್ನರಾಯಪಟ್ಟಣದ ರೈತರು ನಾಲೆ ನೀರಿಗೆ ಕಾಯುವುದೂ ಇದೇ ಜಲಾಶಯವನ್ನು. ನದಿ ದಡದಿಂದ ದನ ಹೊಡೆದುಕೊಂಡು ಬರಬೇಕೋ, ಸಸಿಮಡಿ ಮಾಡಬಹುದೋ ಎಂಬುದನ್ನು ಮೋಡದ ಬಣ್ಣ ಹೇಳದು. ಜಲಾಶಯದ ಗರಿಷ್ಠ ಮಟ್ಟ 2,922 ಅಡಿ. ಇಂದಿನ ಮಟ್ಟ, ಒಳಹರಿವು, ಹೊರಹರಿವು ಮಳೆಗಾಲದಲ್ಲಿ ದಿನವೂ ಪತ್ರಿಕೆಗಳಲ್ಲಿ ಬರುತ್ತವೆ. ಗೇಟ್ ತೆಗೆದರೆ ನದಿಗೆ ಎಷ್ಟು ನೀರು ಹೋಗುತ್ತಿದೆ ಎಂಬುದು ಹೊರಹರಿವಿನ ಅಂಕಿಯಲ್ಲಿ ಗೊತ್ತಾಗುತ್ತದೆ.

ಅಸಲಿ ಫೋಟೊ ಬೇಕೇಬೇಕು ಎಂದರೆ ತೆಗೆದವರಿಂದಲೇ ಡಾಕ್ಯುಮೆಂಟ್ ಆಗಿ ಕಳಿಸಲು ಕೇಳಿ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದರೆ ಅದರೊಳಗಿನ ದಿನಾಂಕ, ಕ್ಯಾಮೆರಾ ವಿವರಗಳು ಅಳಿಸಿಹೋಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತವೆ.