ಬ್ಲೂಬೆಲ್ ರೈಲ್ವೆ

ಬ್ಲೂಬೆಲ್ ರೈಲ್ವೆಯು ಇಂಗ್ಲೆಂಡಿನ ಸಸೆಕ್ಸ್ ಪ್ರದೇಶದಲ್ಲಿರುವ ಪಾರಂಪರಿಕ ಉಗಿಬಂಡಿ ಮಾರ್ಗ. ಶೆಫೀಲ್ಡ್ ಪಾರ್ಕ್‌ನಿಂದ ಈಸ್ಟ್ ಗ್ರಿನ್‌ಸ್ಟೆಡ್‌ವರೆಗಿನ ಇದರ ಉದ್ದ ಸುಮಾರು 11 ಮೈಲಿ (18 ಕಿ.ಮೀ.). ಮುಚ್ಚಲ್ಪಟ್ಟ ಮಾರ್ಗವೊಂದರಲ್ಲಿ ಉಗಿ ಇಂಜಿನ್ನಿನ ಪ್ರಯಾಣಿಕ ಸೇವೆಯನ್ನು ಪುನರಾರಂಭಿಸಿದ, ಪ್ರಮಾಣಿತ ಅಳತೆಯ ಹಳಿಗಳ ಮೊದಲ ಸಂರಕ್ಷಿತ ರೈಲ್ವೆ ಎಂಬ ಹೆಗ್ಗಳಿಕೆ ಇದರದು. ವಸಂತದಲ್ಲಿ ಹಳಿಯ ಇಕ್ಕೆಲಗಳಲ್ಲಿ ಅರಳುವ ನೀಲಿ ಬ್ಲೂಬೆಲ್ ಹೂಗಳಿಂದ ಇದಕ್ಕೆ ಈ ಹೆಸರು ಬಂದಿದೆ.

ಇತಿಹಾಸ

ಲೂಯಿಸ್ ಮತ್ತು ಈಸ್ಟ್ ಗ್ರಿನ್‌ಸ್ಟೆಡ್ ಪಟ್ಟಣಗಳ ನಡುವಿನ ಮೂಲ ಮಾರ್ಗವು 1882ರಲ್ಲಿ ಆರಂಭವಾಯಿತು. ನಷ್ಟದ ಕಾರಣ ನೀಡಿ ಬ್ರಿಟಿಷ್ ರೈಲ್ವೆಯು 1955ರ ಮೇ ತಿಂಗಳಿನಲ್ಲಿ ಇದನ್ನು ಮುಚ್ಚಿತು. ಆದರೆ ಸ್ಥಳೀಯ ನಿವಾಸಿ ಮ್ಯಾಜ್ ಬೆಸಿಮರ್ ಅವರು, ಮಾರ್ಗದ ನಿರ್ಮಾಣಕ್ಕೆ ಅನುಮತಿ ನೀಡಿದ್ದ ಹಳೆಯ ಶಾಸನದ ಪ್ರಕಾರ ಪ್ರತಿದಿನ ಎರಡೂ ದಿಕ್ಕುಗಳಲ್ಲಿ ತಲಾ ನಾಲ್ಕು ರೈಲುಗಳು ಸಂಚರಿಸುವುದು ಕಡ್ಡಾಯವೆಂದು ತೋರಿಸಿಕೊಟ್ಟರು. ಇದರಿಂದಾಗಿ 1956ರ ಆಗಸ್ಟ್‌ನಲ್ಲಿ ಸೇವೆ ಪುನಃ ಆರಂಭವಾಯಿತು. ಶಾಸನದಲ್ಲಿ ಹೆಸರಿಸದ ನಿಲ್ದಾಣಗಳಲ್ಲಿ ರೈಲುಗಳು ನಿಲ್ಲುತ್ತಿರಲಿಲ್ಲ. ಒಲ್ಲದ ಮನಸ್ಸಿನಿಂದ ನಡೆದ ಈ ಓಡಾಟವನ್ನು ಜನರು 'ಮುನಿಸಿನ ಸೇವೆ' ಎಂದು ಕರೆದರು. ಆ ಕಟ್ಟುಪಾಡನ್ನು ಸಂಸತ್ತು ರದ್ದುಗೊಳಿಸಿದ ಬಳಿಕ, 1958ರ ಮಾರ್ಚ್‌ನಲ್ಲಿ ಮಾರ್ಗವು ಶಾಶ್ವತವಾಗಿ ಮುಚ್ಚಿತು.

ಸಂರಕ್ಷಣೆ ಮತ್ತು ವಿಸ್ತರಣೆ

1959ರಲ್ಲಿ ಆಸಕ್ತರು ಸಂರಕ್ಷಣಾ ಸಂಘವೊಂದನ್ನು ಸ್ಥಾಪಿಸಿದರು. 1960ರ ಆಗಸ್ಟ್ 7ರಂದು ಸಂಘದ ಮೊದಲ ಸಾರ್ವಜನಿಕ ರೈಲು ಓಡಿತು. ಮಾರ್ಗವು 1994ರಲ್ಲಿ ಕಿಂಗ್ಸ್‌ಕೋಟ್ ತಲುಪಿತು. ಅದರಾಚೆಗೆ ಇಂಬರ್‌ಹಾರ್ನ್ ಎಂಬಲ್ಲಿ ಹಳಿಗಾಗಿ ಅಗೆದಿದ್ದ ಕಣಿವೆಯಂಥ ದಾರಿಯು, ಮಾರ್ಗ ಮುಚ್ಚಿದ ನಂತರ ಮನೆಗಳ ಕಸದಿಂದ ತುಂಬಿಹೋಗಿತ್ತು. ದೇಣಿಗೆ ಸಂಗ್ರಹಿಸಿ ಆ ಕಸವನ್ನು ಹಂತಹಂತವಾಗಿ ತೆಗೆಸಬೇಕಾಯಿತು. 2013ರ ಮಾರ್ಚ್ 23ರಂದು ರೈಲುಗಳು ಈಸ್ಟ್ ಗ್ರಿನ್‌ಸ್ಟೆಡ್‌ವರೆಗೆ ಸಂಚರಿಸತೊಡಗಿದವು. ಅಲ್ಲಿ ಈ ಮಾರ್ಗಕ್ಕೆ ರಾಷ್ಟ್ರೀಯ ರೈಲು ಜಾಲದ ಸಂಪರ್ಕವಿದ್ದು, ಲಂಡನ್ನಿನಿಂದ ಬರುವವರು ರೈಲು ಬದಲಿಸಿ ಇಲ್ಲಿಗೆ ಪ್ರಯಾಣಿಸಬಹುದು.

ನಿಲ್ದಾಣಗಳು

ಹಳೆಯ ನಿಲ್ದಾಣಗಳನ್ನು ಬೇರೆಬೇರೆ ಕಾಲಘಟ್ಟಗಳಿಗೆ ತಕ್ಕಂತೆ ಪುನರುಜ್ಜೀವನಗೊಳಿಸಲಾಗಿದೆ. ಶೆಫೀಲ್ಡ್ ಪಾರ್ಕ್ ವಿಕ್ಟೋರಿಯಾ ಕಾಲದ ರೂಪದಲ್ಲಿದೆ. ಇಂಜಿನ್ ಶೆಡ್ಡು ಮತ್ತು ವಸ್ತುಸಂಗ್ರಹಾಲಯ ಇಲ್ಲಿವೆ. ಹಾರ್ಸ್ಟೆಡ್ ಕೀನ್ಸ್ ಎರಡು ಮಹಾಯುದ್ಧಗಳ ನಡುವಿನ ಕಾಲವನ್ನೂ, ಕಿಂಗ್ಸ್‌ಕೋಟ್ 1950ರ ದಶಕವನ್ನೂ ಪ್ರತಿನಿಧಿಸುತ್ತವೆ. ದೀಪ, ನಾಮಫಲಕ, ಜಾಹೀರಾತುಗಳಲ್ಲಿಯೂ ಆಯಾ ಕಾಲದ ಶೈಲಿಯನ್ನು ಉಳಿಸಿಕೊಳ್ಳಲಾಗಿದೆ. ಹಾರ್ಸ್ಟೆಡ್ ಕೀನ್ಸ್ ಮತ್ತು ಕಿಂಗ್ಸ್‌ಕೋಟ್‌ಗಳ ನಡುವೆ ಶಾರ್ಪ್‌ಥಾರ್ನ್ ಸುರಂಗವಿದೆ.

ನಿರ್ವಹಣೆ

ಟಿಕೆಟ್ ನೀಡುವುದರಿಂದ ಹಿಡಿದು ಇಂಜಿನ್ ಚಾಲನೆಯವರೆಗಿನ ಬಹುಪಾಲು ಕೆಲಸಗಳನ್ನು ತರಬೇತಿ ಪಡೆದ ಸ್ವಯಂಸೇವಕರೇ ನಿರ್ವಹಿಸುತ್ತಾರೆ. ಹಳೆಯ ಇಂಜಿನು, ಬೋಗಿಗಳ ದುರಸ್ತಿಯೂ ಇಲ್ಲಿಯೇ ನಡೆಯುತ್ತದೆ.

ಜನಪ್ರಿಯ ಸಂಸ್ಕೃತಿಯಲ್ಲಿ

ಇಲ್ಲಿನ 'ಸ್ಟೆಪ್ನಿ' ಇಂಜಿನ್ ರೆವರೆಂಡ್ ಡಬ್ಲ್ಯು. ಆಡ್ರಿ ಅವರ ಮಕ್ಕಳ ಪುಸ್ತಕವೊಂದರ ಪಾತ್ರವಾಗಿದೆ. 'ಡೌನ್‌ಟನ್ ಆ್ಯಬಿ' ದೂರದರ್ಶನ ಧಾರಾವಾಹಿಯ ರೈಲು ನಿಲ್ದಾಣದ ದೃಶ್ಯಗಳು ಹಾರ್ಸ್ಟೆಡ್ ಕೀನ್ಸ್‌ನಲ್ಲಿ ಚಿತ್ರೀಕರಣಗೊಂಡಿವೆ.